5 ಇಂಚಿನ ಮೋಲ್ಡ್‌ನಲ್ಲಿ 25 ಎಂಎಂ ಪೈಪ್‌ಗಳ ಗೊಂಚಲು: ಸ್ಲ್ಯಾಬ್ ಬಲಕ್ಕೆ ಎಷ್ಟು ಪೆಟ್ಟು?

ಹೊಸಮನೆ_ತುಮಕೂರು:

ನಮಸ್ಕಾರ. ತುಮಕೂರಿನಲ್ಲಿ 30-40 ಸೈಟಿನ ಮನೆ, ಗ್ರೌಂಡ್ ಫ್ಲೋರ್ ಮೋಲ್ಡ್ (ಛಾವಣಿ ಸ್ಲ್ಯಾಬ್) ಹಂತದಲ್ಲಿದೆ. ಸ್ಲ್ಯಾಬ್ 125 ಎಂಎಂ (5 ಇಂಚು), ಎಂ20 ದರ್ಜೆಯ ಕಾಂಕ್ರೀಟ್, ಎಫ್‌ಇ 500 ದರ್ಜೆಯ ಕಂಬಿ. ಹಾಲ್ 12 ಅಡಿ ಅಗಲ, 26 ಅಡಿ ಉದ್ದ. ಮೇನ್ ಕಂಬಿ 12 ಅಡಿಯ ಕಡೆಗೆ 8 ಎಂಎಂ, 150 ಎಂಎಂಗೆ ಒಂದು. ಅದಕ್ಕೆ ಅಡ್ಡ ಹೋಗೋ ಡಿಸ್ಟ್ರಿಬ್ಯೂಷನ್ ಕಂಬಿ 8 ಎಂಎಂ, 250ಕ್ಕೆ ಒಂದು.

ಎಲೆಕ್ಟ್ರಿಷಿಯನ್ ವೈರಿನ ಪೈಪ್ ಹಾಸಿದ್ದಾರೆ. ಡಿಬಿ (ಮನೆಯ ಮುಖ್ಯ ಕರೆಂಟ್ ಬೋರ್ಡ್) ಇರೋದು ಮೆಟ್ಟಿಲ ಪಕ್ಕದ ಗೋಡೆಯಲ್ಲಿ. ಅಲ್ಲಿಂದ 25 ಎಂಎಂ ಪೈಪ್ 11 ಹೊರಟು, ಒಂದಕ್ಕೊಂದು ಅಂಟಿಕೊಂಡು, ಬೀಮ್‌ನಿಂದ ಅರ್ಧ ಅಡಿ ಆಚೆ ಅದರ ಉದ್ದಕ್ಕೇ 8 ಅಡಿ ಹೋಗ್ತವೆ. ಆಮೇಲೆ ಹಾಲ್ ಕಡೆ ತಿರುಗುತ್ತವೆ. ಒಂದು ಕಡೆ ಮೂರು ಪೈಪ್ ಒಂದರ ಮೇಲೊಂದು ದಾಟಿವೆ. ಕೇಳಿದ್ರೆ "ಎಲ್ಲಾ ಮನೇಲೂ ಹಿಂಗೇ ಸಾರ್" ಅಂತಾರೆ. ಎಂಜಿನಿಯರ್ ಫೋಟೋ ನೋಡಿ "ಒಂದೇ ಕಡೆ ಜಾಸ್ತಿ ಆಯ್ತಲ್ಲ" ಅಂದರು, ಸೈಟಿಗೆ ನಾಳಿದ್ದು ಬರ್ತಾರಂತೆ. ಅಷ್ಟರೊಳಗೆ ನಾನು ಅರ್ಥ ಮಾಡ್ಕೋಬೇಕಾಗಿರೋದು:

ಇದರಿಂದ ಸ್ಲ್ಯಾಬಿನ ಬಲ ನಿಜಕ್ಕೂ ಕಡಿಮೆ ಆಗುತ್ತಾ? ಸ್ಲ್ಯಾಬ್ 6 ಇಂಚು ಮಾಡಿಸಿಬಿಟ್ಟರೆ ಸರಿಹೋಗುತ್ತಾ? ಎಸಿ ಡ್ರೈನ್ 32 ಎಂಎಂ ಪೈಪ್, ಅಡುಗೆಮನೆಗೆ ಹೋಗೋ ನೀರಿನ ಲೈನ್, ಇವೆರಡನ್ನೂ ಸ್ಲ್ಯಾಬ್ ಒಳಗೇ ಬಿಡಬಹುದಾ?

ಸ್ಲ್ಯಾಬ್_ಲೆಕ್ಕ:

ಪೈಪ್ ಇದೆ ಅನ್ನೋದೇ ತೊಂದರೆ ಅಲ್ಲ. ಅದು 125 ಎಂಎಂ ಒಳಗೆ ಯಾವ ಎತ್ತರದಲ್ಲಿದೆ, ಪಕ್ಕದ ಪೈಪ್‌ಗೂ ಅದಕ್ಕೂ ನಡುವೆ ಕಾಂಕ್ರೀಟ್ ಇಳಿಯುತ್ತಾ ಇಲ್ವಾ, ಅದನ್ನ ನೋಡಬೇಕು.

ನಿಮ್ಮದೇ ಅಳತೆ ತಗೊಳ್ಳಿ. ಕೆಳಗೆ 20 ಎಂಎಂ ಕವರ್ (ಕಂಬಿಯನ್ನ ಮುಚ್ಚೋ ಕಾಂಕ್ರೀಟ್), 8 ಎಂಎಂ ಕಂಬಿ. ಕಂಬಿಯ ನಡುವಿನಿಂದ ಸ್ಲ್ಯಾಬಿನ ಮೇಲ್ಮೈವರೆಗೆ 101 ಎಂಎಂ. 150ಕ್ಕೆ ಒಂದು ಅಂದರೆ ಮೀಟರ್ ಅಗಲಕ್ಕೆ 335 ಚದರ ಎಂಎಂ ಸ್ಟೀಲ್. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಸೂತ್ರಕ್ಕೆ ಹಾಕಿದರೆ ಕಂಪ್ರೆಷನ್ (ಒತ್ತುವ ಬಲ) ಹೊರುವ ಕಾಂಕ್ರೀಟಿನ ಆಳ ಬರೀ 20 ಎಂಎಂ ಬರುತ್ತೆ. ಹಾಲ್ ನಡುವೆ ಅದು ಸ್ಲ್ಯಾಬಿನ ಮೇಲ್ತುದಿಯ 20 ಎಂಎಂ, ಬೀಮ್ ಹತ್ತಿರ ಕೆಳತುದಿಯ 20 ಎಂಎಂ ಒಳಗೇ. ನಡುವಿನ ಕಾಂಕ್ರೀಟ್ ಎಳೆತಕ್ಕೆ ಬಿರುಕು ಬಿಟ್ಟಿದೆ ಅಂತಲೇ ಡಿಸೈನ್ ಮಾಡೋದು. ಹಾಗಾಗಿ ಅಲ್ಲಿ 25 ಎಂಎಂ ಟೊಳ್ಳು ಇದ್ದರೂ ಬಾಗುವ ಬಲ ಕಡಿಮೆಯಾಗಲ್ಲ. ಲೆಕ್ಕದಲ್ಲಿ ಮೀಟರಿಗೆ ಸುಮಾರು 13.5 ಕಿಲೋನ್ಯೂಟನ್ ಮೀಟರ್, ಪೈಪ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಈಗ ಎತ್ತರ ನೋಡಿ. ಕವರ್ 20, ಮೇನ್ ಕಂಬಿ 8, ಅದರ ಮೇಲೆ ಡಿಸ್ಟ್ರಿಬ್ಯೂಷನ್ 8, ಒಟ್ಟು 36. ಅದರ ಮೇಲೆ ಪೈಪ್ ಕೂತರೆ 36ರಿಂದ 61. ಚೆನ್ನಾಗಿದೆ. ಇನ್ನೊಂದು ಪೈಪ್ ಅಡ್ಡ ದಾಟಿದರೆ 86. ಮೇಲೆ 39 ಎಂಎಂ ಉಳಿಯುತ್ತೆ, ನಡೆಯುತ್ತೆ. ಮೂರನೇದು ದಾಟಿದರೆ 111, ಮೇಲೆ ಉಳಿಯೋದು 14 ಎಂಎಂ. ಕಂಪ್ರೆಷನ್ ಹೊರಬೇಕಾದ 20 ಎಂಎಂ ಒಳಕ್ಕೇ ಪೈಪ್ ನುಗ್ಗಿತು. ಒಂದು ಜಾಗದಲ್ಲಿ ಹೀಗಾದರೆ ಸ್ಲ್ಯಾಬ್ ಬೀಳಲ್ಲ, ಅಕ್ಕಪಕ್ಕದ ಕಾಂಕ್ರೀಟ್ ಹೊರುತ್ತೆ. ಆದರೆ ಅಲ್ಲಿ ಬಿರುಕು ಬರೋದು ಹೆಚ್ಚುಕಮ್ಮಿ ಖಚಿತ. ಮೂರು ಪದರದ ದಾಟು ಬಿಚ್ಚಿಸಿ.

ಇನ್ನೊಂದು. ಬೀಮ್‌ನಿಂದ ಕಾಲು ಸ್ಪ್ಯಾನ್‌ವರೆಗೆ (ಸ್ಪ್ಯಾನ್ ಅಂದರೆ ಬೀಮ್‌ನಿಂದ ಬೀಮ್‌ಗಿರೋ ದೂರ) ಮೇಲೆ ಕ್ರ್ಯಾಂಕ್ ಕಂಬಿ, ಅಂದರೆ ಕೆಳಗಿನಿಂದ ಬಗ್ಗಿಸಿ ಮೇಲೆತ್ತಿದ ಕಂಬಿ ಇರುತ್ತೆ. ಮೇಲಿನ ಕವರ್ 20, ಕಂಬಿ 8, ಅದರಡಿಯ ಅಡ್ಡ ಕಂಬಿ 8 ಕಳೆದರೆ ಕೆಳಗಿನಿಂದ 89ಕ್ಕೆ ಬರ್ತೀವಿ. ಎರಡು ಪೈಪ್ ದಾಟು 86. ಅಂತರ 3 ಎಂಎಂ. ಸೈಟಿನಲ್ಲಿ ಆ 3 ಎಂಎಂ ಯಾರಿಗೂ ಸಿಗಲ್ಲ, ಪೈಪ್ ಮೇಲಿನ ಕಂಬಿಯನ್ನ ಎತ್ತುತ್ತೆ. ಅದಕ್ಕೇ ಎರಡು ಪೈಪ್ ದಾಟೋದಿದ್ದರೂ ರೂಮಿನ ನಡುಭಾಗದಲ್ಲೇ ದಾಟಲಿ, ಬೀಮ್ ಹತ್ತಿರ ಬೇಡ.

ನಿಮ್ಮಲ್ಲಿ ನಿಜವಾಗಿ ತಪ್ಪಿರೋದು ಆ 11 ಪೈಪಿನ ಗೊಂಚಲು. ಅಂಟಿಸಿ ಹಾಸಿದರೆ 275 ಎಂಎಂ ಅಗಲ. ಅಷ್ಟು ಅಗಲಕ್ಕೆ ಕೆಳಗೆ 36 ಎಂಎಂ, ಮೇಲೆ 64 ಎಂಎಂ ಕಾಂಕ್ರೀಟ್, ನಡುವೆ ಎರಡನ್ನೂ ಹಿಡಿಯೋಕೆ ಏನೂ ಇಲ್ಲ. ಎರಡು ಹಲಗೆ ಒಂದರ ಮೇಲೊಂದು ಇಟ್ಟ ಹಾಗೆ. ಅದೂ ಬೀಮ್ ಪಕ್ಕದಲ್ಲಿ, ಶಿಯರ್ (ಸ್ಲ್ಯಾಬನ್ನ ಕತ್ತರಿಸೋ ಬಲ) ಅತಿ ಹೆಚ್ಚಿರೋ ಜಾಗದಲ್ಲಿ, ಬೀಮ್‌ಗೆ ಸಮಾನಾಂತರವಾಗಿ.

ಶಿಯರ್ ಅಂಕಿಯನ್ನೂ ಕೊಟ್ಟುಬಿಡ್ತೀನಿ, ಗಾಬರಿ ಬೇಡ. ಸ್ಲ್ಯಾಬಿನ ಸ್ವಂತ ತೂಕ, ಫ್ಲೋರಿಂಗ್, ಮನೆಗಳಿಗೆ ಹಿಡಿಯೋ 2 ಕಿಲೋನ್ಯೂಟನ್ ಲೈವ್ ಲೋಡ್ (ಜನ, ಸಾಮಾನಿನ ಭಾರ), ಎಲ್ಲ ಸೇರಿಸಿ 1.5ರಿಂದ ಗುಣಿಸಿದರೆ ಚದರ ಮೀಟರಿಗೆ ಸುಮಾರು 10 ಕಿಲೋನ್ಯೂಟನ್. ಅರ್ಧ ಸ್ಪ್ಯಾನ್ 1.8 ಮೀಟರ್, ಅಂದರೆ ಬೀಮ್ ಅಂಚಿನಲ್ಲಿ ಮೀಟರಿಗೆ 18 ಕಿಲೋನ್ಯೂಟನ್. ಗಟ್ಟಿ ಸ್ಲ್ಯಾಬ್ ಸುಮಾರು 52 ತಡೆಯುತ್ತೆ. ಬಿಡಿ ಪೈಪ್ ಹೋದ ಕಡೆ 25 ಎಂಎಂ ಆಳವನ್ನೇ ಪೂರ್ತಿ ಕಳೆದರೂ 39 ಉಳಿಯುತ್ತೆ. ಅಂದರೆ ಮನೆ ಸ್ಲ್ಯಾಬಿನಲ್ಲಿ ಬೇಕಾದಷ್ಟು ಮೀಸಲು ಇದೆ. ಆದರೆ ಈ ಲೆಕ್ಕ ನಿಲ್ಲೋದು ಪೈಪ್‌ಗಳ ನಡುವೆ ಕಾಂಕ್ರೀಟ್ ಇದ್ದಾಗ. ಗೊಂಚಲಿಗೆ ಇದು ಅನ್ವಯಿಸಲ್ಲ.

ಅಮೆರಿಕದ ಕಾಂಕ್ರೀಟ್ ಕೋಡ್ ಎಸಿಐ 318ರ 2011ರ ಆವೃತ್ತಿಯಲ್ಲಿ ಇದನ್ನ ಬಿಡಿಸಿ ಬರೆದಿತ್ತು. ಪೈಪಿನ ಹೊರ ವ್ಯಾಸ ಸ್ಲ್ಯಾಬ್ ದಪ್ಪದ ಮೂರನೇ ಒಂದು ಭಾಗ ಮೀರಬಾರದು. ಪೈಪ್ ನಡುವಿನಿಂದ ನಡುವಿಗೆ ವ್ಯಾಸದ ಮೂರು ಪಟ್ಟು ಅಂತರ. ಮೇಲಿನ ಮತ್ತು ಕೆಳಗಿನ ಕಂಬಿಗಳ ನಡುವೆ ಪೈಪ್. ಪೈಪ್‌ಗೆ ಅಡ್ಡಲಾಗಿ ಕಾಂಕ್ರೀಟ್ ಅಡ್ಡಕೊಯ್ತದ 0.002 ಪಾಲು ಸ್ಟೀಲ್. ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿದ ಡ್ರಾಯಿಂಗ್ ಇದ್ದರೆ ಮೊದಲೆರಡನ್ನು ಮೀರಬಹುದು ಅಂತಲೂ ಇತ್ತು. ನಿಮ್ಮ ಸ್ಲ್ಯಾಬ್‌ಗೆ ಇಳಿಸಿದರೆ: 41 ಎಂಎಂವರೆಗೆ ಪೈಪ್ ಸರಿ, ಅಂತರ 75 ಎಂಎಂ, ಅಡ್ಡ ಸ್ಟೀಲ್ ಮೀಟರಿಗೆ 250 ಚದರ ಎಂಎಂ, ಅಂದರೆ 8 ಎಂಎಂ 200ಕ್ಕೆ ಒಂದು. ಪೈಪ್ ಮೇನ್ ಕಂಬಿಯ ದಿಕ್ಕಿನಲ್ಲೇ ಹೋಗೋ ಕಡೆ ಅದಕ್ಕೆ ಅಡ್ಡ ಇರೋದು ನಿಮ್ಮ ಡಿಸ್ಟ್ರಿಬ್ಯೂಷನ್ ಕಂಬಿ, 250ಕ್ಕೆ ಒಂದು, ಮೀಟರಿಗೆ 201 ಮಾತ್ರ. ಆ ಪಟ್ಟಿಯಲ್ಲಿ 200ಕ್ಕೆ ಒಂದು ಬರೋ ಹಾಗೆ ಮಾಡಿಸಿ. ನಾಲ್ಕೈದು ತುಂಡು ಕಂಬಿಯ ಕೆಲಸ.

ಕಾಂಡ್ಯೂಟ್_ಕೆಲಸ:

ಮೇಲಿನವರು ಹೇಳಿದ್ದನ್ನ ಸೆಂಟ್ರಿಂಗ್ ಮೇಲೆ ಹೇಗೆ ಮಾಡಿಸಬೇಕು ಅಂತ ಹೇಳ್ತೀನಿ.

11 ಪೈಪನ್ನೂ 75 ಎಂಎಂ ಅಂತರಕ್ಕೆ ಹರಡಿದರೆ ಪಟ್ಟಿ 775 ಎಂಎಂ ಆಗುತ್ತೆ, ಸುಮಾರು ಎರಡೂವರೆ ಅಡಿ. ಒಂದೇ ಕಡೆ ಹರಡೋ ಬದಲು ಡಿಬಿಯಿಂದಲೇ ಎರಡು ದಾರಿ ಮಾಡಿ. ಹಾಲ್ ಕಡೆಯವು ಬೀಮ್‌ಗೆ ನೇರ ಅಡ್ಡವಾಗಿ ಹೊರಟು ಒಳಕ್ಕೆ ಹೋಗಲಿ. ಬೀಮ್ ಉದ್ದಕ್ಕೆ ಓಡಿಸಲೇಬೇಕಾದವು ಒಂದೂವರೆ ಅಡಿಯಾದರೂ ಒಳಗೆ ಸರಿದು ಓಡಲಿ. ಕೆಲವು ಪೈಪನ್ನ ಸ್ಲ್ಯಾಬಿಗೆ ತರೋದೇ ಬೇಡ: ಮೆಟ್ಟಿಲ ಲೈಟು, ಕೆಳಗಿನ ಪ್ಲಗ್ ಪಾಯಿಂಟು, ಗೇಟ್ ಲೈಟು ಇವೆಲ್ಲ ಗೋಡೆಯಲ್ಲೇ ಹೋಗಬಹುದು. 11ರಲ್ಲಿ ಮೂರು ನಾಲ್ಕು ಅಲ್ಲೇ ಕಳೆಯುತ್ತೆ.

ಡಿಬಿ ಮೇಲೆ ಬೀಮ್ ಇದೆಯಾ? ಇದ್ದರೆ ಸ್ಲ್ಯಾಬಿಗಿಂತ ಅದೇ ದೊಡ್ಡ ವಿಷಯ. ಪೈಪ್ ಎಲ್ಲಾ ಆ ಬೀಮ್ ಒಳಗಿಂದ ಲಂಬವಾಗಿ ಇಳೀಬೇಕು. 230 ಅಗಲದ ಬೀಮಿನಲ್ಲಿ ಎರಡು ಸ್ಟಿರಪ್ (ಬೀಮ್ ಕಂಬಿಗಳನ್ನ ಸುತ್ತೋ ರಿಂಗ್) ನಡುವೆ ಒಂದೋ ಎರಡೋ ಪೈಪ್, ಅಗಲದ ನಡುವಿಗೆ, ಮೇನ್ ಕಂಬಿಗೆ ತಾಕದ ಹಾಗೆ. ಜಾಗ ಸಾಲದಿದ್ದರೆ ಸ್ಟಿರಪ್ ಕತ್ತರಿಸೋದು, ಬಗ್ಗಿಸೋದು ನಡೆಯುತ್ತೆ, ಅದಕ್ಕೆ ಬಿಡಲೇಬಾರದು. ಬೀಮ್ ತುದಿಯ ಎರಡು ಅಡಿಯಲ್ಲಂತೂ ಯಾವ ಪೈಪೂ ಬೇಡ. ಇನ್ನೂ ಆಗುತ್ತೆ ಅಂದರೆ ಡಿಬಿಯನ್ನೇ ಬೀಮ್ ಇಲ್ಲದ ಪಾರ್ಟಿಷನ್ ಗೋಡೆಗೆ ಸರಿಸಿ. ಕಾಲಮ್ ಒಳಗೆ ಪೈಪ್ ಇಳಿಸೋ ಮಾತೇ ಬೇಡ.

ಪೈಪ್: ಎಂಎಂಎಸ್ (ಮಧ್ಯಮ ಗಟ್ಟಿ) ಗ್ರೇಡ್, ಮೇಲೆ ಐಎಸ್ 9537 ಗುರುತು ನೋಡಿ. ತೆಳು ಎಲ್‌ಎಂಎಸ್ ಪೈಪ್ ಮೇಲೆ ಕಾಂಕ್ರೀಟ್ ಬಾಣಲಿ ಹೊತ್ತವರು ನಡೆದರೆ ಚಪ್ಪಟೆಯಾಗುತ್ತೆ. ಬೆಂಡ್ ಜಾಗದಲ್ಲಿ ಎಲ್ಬೋ ಬೇಡ, ಸ್ಪ್ರಿಂಗ್ ಹಾಕಿ ಪೈಪನ್ನೇ ದೊಡ್ಡದಾಗಿ ಬಗ್ಗಿಸಲಿ. ಪ್ರತಿ ಜಾಯಿಂಟಿಗೂ ಸಲ್ಯೂಷನ್. ಅದು ಬಿಟ್ಟರೆ ಸಿಮೆಂಟ್ ಹಾಲು ಒಳಗಿಳಿದು ಗಟ್ಟಿಯಾಗಿ ಆ ಪೈಪ್ ಹೋಯ್ತು ಅಂತಲೇ. ಆಮೇಲೆ ಅದನ್ನ ತೆರೆಯೋಕೆ ಸ್ಲ್ಯಾಬ್ ಒಡೀತಾರೆ, ಅದು ಸ್ಟ್ರಕ್ಚರಿಗೆ ನಿಜವಾದ ಪೆಟ್ಟು.

ಕಟ್ಟೋದು: ಖಾಲಿ ಪೈಪ್ ಹಸಿ ಕಾಂಕ್ರೀಟಿನಲ್ಲಿ ತೇಲುತ್ತೆ. 25 ಎಂಎಂ ಪೈಪ್ ಒಂದು ಮೀಟರಿಗೆ ಅರ್ಧ ಲೀಟರಿನಷ್ಟು ಜಾಗ ಹಿಡಿಯುತ್ತೆ, ಅಷ್ಟು ಕಾಂಕ್ರೀಟಿನ ತೂಕ 1.2 ಕೆಜಿ ಹತ್ತಿರ. ಪೈಪಿನ ತೂಕ ಕಳೆದರೂ ಮೀಟರಿಗೆ ಸುಮಾರು 1 ಕೆಜಿ ಮೇಲಕ್ಕೆ ತಳ್ಳುತ್ತೆ, ವೈಬ್ರೇಟರ್ ಓಡಿದಾಗ ಎದ್ದೇ ಬರುತ್ತೆ. ಎರಡು ಅಡಿಗೊಂದು ಕಡೆ ಕಟ್ಟುತಂತಿಯಿಂದ ಕೆಳಗಿನ ಜಾಲಕ್ಕೆ ಬಿಗಿಯಬೇಕು. ಆದರೆ ಕಂಬಿಯ ಉದ್ದಕ್ಕೇ ಪೈಪನ್ನ ಜೋಡಿಸಿ ಕಟ್ಟಬಾರದು. ಹಾಗೆ ಮಾಡಿದರೆ ಆ ಕಂಬಿಯ ಒಂದು ಮಗ್ಗುಲಿಗೆ ಕಾಂಕ್ರೀಟ್ ಹಿಡಿಯಲ್ಲ. ಕಂಬಿಗೆ ಸಮಾನಾಂತರ ಹೋಗೋ ಪೈಪ್ ಎರಡು ಕಂಬಿಗಳ ನಡುವೆ ಇರಲಿ.

ಕೆಲಸದ ಕ್ರಮ ಇದು: ಕೆಳಗಿನ ಜಾಲ ಪೂರ್ತಿ ಕಟ್ಟಿ ಕವರ್ ಬ್ಲಾಕ್ ಇಟ್ಟ ಮೇಲೆ ಬಾಕ್ಸ್ ಮತ್ತು ಪೈಪ್, ಆಮೇಲೆ ಮೇಲಿನ ಎಕ್ಸ್‌ಟ್ರಾ ಕಂಬಿ, ಅದನ್ನ ಎತ್ತಿ ಹಿಡಿಯೋಕೆ ಚೇರ್ (ಬಗ್ಗಿಸಿದ ಕಂಬಿಯ ಸ್ಟ್ಯಾಂಡ್). ಕೆಲವರು ಕಂಬಿ ಕಟ್ಟೋ ಮುಂಚೆ ಪ್ಲೈ ಮೇಲೆ ನೇರ ಪೈಪ್ ಹಾಸಿಬಿಡ್ತಾರೆ, ಬೇಗ ಮುಗಿಯುತ್ತೆ ಅಂತ. ಆಗ ಪೈಪ್ ಕೆಳಗೆ ಕವರ್ರೇ ಇಲ್ಲ, ಪ್ಲಾಸ್ಟರಿಂಗ್ ಆ ಗೆರೆಯಲ್ಲೇ ಸೀಳುತ್ತೆ.

ಫ್ಯಾನ್ ಬಾಕ್ಸ್ ಜಾಗದಲ್ಲಿ ಕಂಬಿ ಅಡ್ಡ ಬಂದರೆ ಪಕ್ಕಕ್ಕೆ ಸರಿಸಿ, ಕತ್ತರಿಸಬೇಡಿ. ಬಾಕ್ಸಿನ ರಾಡ್ ಕೆಳಗಿನ ಜಾಲದ ಮೇಲೆ ಕೂತಿರಬೇಕು. ಬಾಕ್ಸ್ ಒಳಗೆ ಥರ್ಮಾಕೋಲ್ ತುಂಬಿ ಟೇಪ್ ಸುತ್ತಿ.

ಸ್ಲ್ಯಾಬ್_ಲೆಕ್ಕ:

ಚೇರ್ ವಿಷಯ ಬಂತಲ್ಲ, ಒಂದು ಸೇರಿಸ್ತೀನಿ. ಪೈಪ್ ಹಾಸೋ ನೆಪದಲ್ಲಿ ಎರಡು ದಿನ ಜನ ಕಂಬಿ ತುಳಿದಾಡ್ತಾರೆ. ಬೀಮ್ ಮೇಲಿನ ಕ್ರ್ಯಾಂಕ್ ಕಂಬಿ 30 ಎಂಎಂ ಕುಸಿದರೆ 101 ಇದ್ದ ಆಳ 71 ಆಗುತ್ತೆ, ಅಲ್ಲಿನ ಬಲದಲ್ಲಿ ಸುಮಾರು ಮೂರನೇ ಒಂದು ಪಾಲು ಹೋಯಿತು. ಅದೇ ರೀತಿ ಕೆಳಗಿನ ಜಾಲವನ್ನ ಪೈಪಿಗೋಸ್ಕರ 20 ಎಂಎಂ ಎತ್ತಿ ಹಾಗೇ ಬಿಟ್ಟರೆ ಹಾಲ್ ನಡುವೆ 13.5 ಇದ್ದದ್ದು 10.5ಕ್ಕೆ ಇಳಿಯುತ್ತೆ. ಪೈಪಿನ ಟೊಳ್ಳಿನಿಂದ ಸ್ಲ್ಯಾಬ್ ಇಷ್ಟು ಕಳ್ಕೊಳ್ಳಲ್ಲ. ಕಾಂಕ್ರೀಟ್ ಹಾಕೋ ಬೆಳಿಗ್ಗೆ ಪೈಪ್‌ಗಿಂತ ಮೊದಲು ಕಂಬಿಯ ಎತ್ತರ ಅಳೀರಿ.

ಹೊಸಮನೆ_ತುಮಕೂರು:

ತುಂಬಾ ಉಪಕಾರ ಆಯ್ತು ಸರ್. ಡಿಬಿ ಮೇಲೆ 230 ಬೀಮ್ ಇದೆ, 11ರಲ್ಲಿ 9 ಅದರೊಳಗೇ ಇಳಿದಿವೆ. ಹಾಗಾದ್ರೆ 6 ಇಂಚು ಸ್ಲ್ಯಾಬ್ ಮಾಡೋದು ದಂಡಾನಾ? ಮೇಸ್ತ್ರಿ ಅದನ್ನೇ ಹೇಳ್ತಿದ್ದಾರೆ, "ದಪ್ಪ ಮಾಡಿ, ತಲೆಬಿಸಿ ಇರಲ್ಲ" ಅಂತ.

ಸೈಟ್_ಬಿಲ್ಲಿಂಗ್:

ದಪ್ಪ ಮಾಡಿದ್ರೆ ಗೊಂಚಲು ಗೊಂಚಲಾಗೇ ಇರುತ್ತೆ. 25 ಎಂಎಂ ಹೆಚ್ಚು ಅಂದರೆ ಚದರ ಮೀಟರಿಗೆ 62 ಕೆಜಿ ಹೆಚ್ಚು ತೂಕ. 1000 ಚದರ ಅಡಿ ಮೋಲ್ಡಿಗೆ 2.3 ಘನ ಮೀಟರ್ ಕಾಂಕ್ರೀಟ್, ಹತ್ತಿರ ಹತ್ತಿರ 5.8 ಟನ್. ಬೀಮು, ಕಾಲಮ್ಮು, ಫೂಟಿಂಗು ಎಲ್ಲವೂ 125ಕ್ಕೆ ಡಿಸೈನ್ ಆಗಿದೆ, ಸೆಂಟ್ರಿಂಗ್ ಪ್ರಾಪ್ ಕೂಡ ಆ ತೂಕಕ್ಕೇ ನಿಲ್ಲಿಸಿರೋದು. ಎಂಜಿನಿಯರ್ ಡಿಸೈನ್ ಹಂತದಲ್ಲೇ 150 ಹಿಡಿದಿದ್ದರೆ ಬೇರೆ ಮಾತು. ಈಗ ಕೊನೇ ಗಳಿಗೆಯಲ್ಲಿ ಮೇಸ್ತ್ರಿ ಮಾತಿಗೆ ದಪ್ಪ ಮಾಡೋದು ಬೇಡ. ಪೈಪ್ ಹರಡಿಸೋಕೆ ಒಂದು ದಿನದ ಕೂಲಿ ಸಾಕು.

ಬಾಡಿಗೆ ಮನೆ ಕಟ್ಟೋ ಕೆಲವರು 4 ಇಂಚಿನ ಸ್ಲ್ಯಾಬ್ ಹಾಕ್ತಾರೆ, ಓದೋರಲ್ಲಿ ಅಂಥವರಿದ್ದರೆ: 100 ಎಂಎಂನಲ್ಲಿ ಎರಡು ಪೈಪ್ ದಾಟಿದರೇ ಮೇಲೆ 14 ಉಳಿಯುತ್ತೆ. ಅಲ್ಲಿ ದಾಟೇ ಇಲ್ಲದ ಹಾಗೆ ಲೇಔಟ್ ಮಾಡಬೇಕು, ಅಥವಾ 20 ಎಂಎಂ ಪೈಪಿಗೆ ಇಳೀಬೇಕು.

ಕಾಂಕ್ರೀಟ್ ದಿನದ ಮಾತು. 20 ಎಂಎಂ ಜಲ್ಲಿ ಪೈಪ್‌ಗಳ ನಡುವೆ ಇಳಿಯೋಕೆ ಕನಿಷ್ಠ 25 ಎಂಎಂ ಖಾಲಿ ಜಾಗ ಬೇಕು. 75 ಅಂತರ ಇಟ್ಟರೆ 50 ಸಿಗುತ್ತೆ, ಸಲೀಸು. ಅಂಟಿಕೊಂಡಿದ್ದರೆ ಮೇಲೆ ನೋಡೋಕೆ ನುಣ್ಣಗೆ, ಕೆಳಗೆ ಬರೀ ಹನಿಕೋಂಬ್ (ಜೇನುಗೂಡಿನಂಥ ಟೊಳ್ಳು). ಡಿಬಿ ಹತ್ತಿರ ಹರಡಿದ ಮೇಲೂ ಇಕ್ಕಟ್ಟಾಗಿದ್ದರೆ ಅಲ್ಲಿಗೆ ಮಾತ್ರ 12 ಎಂಎಂ ಜಲ್ಲಿಯ ಮಿಕ್ಸ್, 25 ಎಂಎಂ ನೀಡಲ್ (ವೈಬ್ರೇಟರಿನ ಕಡ್ಡಿ). ದೊಡ್ಡ ನೀಡಲನ್ನ ಪೈಪಿಗೆ ತಾಗಿಸಿ ಇಟ್ಟರೆ ಜಾಯಿಂಟ್ ಬಿಚ್ಚಿಕೊಳ್ಳುತ್ತೆ. ನೀರು ಹೆಚ್ಚಿಗೆ ಸುರಿದು ತೆಳು ಮಾಡಿಸಬೇಡಿ. ಎಲೆಕ್ಟ್ರಿಷಿಯನ್ ಕಡೆಯ ಒಬ್ಬ ಹುಡುಗ ಪೂರ್ತಿ ಹೊತ್ತು ಅಲ್ಲೇ ಇರಲಿ, ಕೈಯಲ್ಲಿ ಕಪ್ಲರ್, ಸಲ್ಯೂಷನ್, ಟೇಪ್ ಇಟ್ಕೊಂಡು.

ಕಾಂಕ್ರೀಟ್ ಹಾಕಿ ಒಂದೆರಡು ಗಂಟೆಯಲ್ಲಿ ಪೈಪ್ ಹೋದ ಗೆರೆಯಲ್ಲೇ ಮೇಲೆ ಸಣ್ಣ ಬಿರುಕು ಕಾಣಿಸಬಹುದು. ಕಾಂಕ್ರೀಟ್ ಕೆಳಗೆ ಕೂರುವಾಗ ಪೈಪಿನ ಮೇಲಿನದು ಕೂರೋಕಾಗದೆ ಸೀಳೋದು ಅದು. ಪೈಪ್ ಮೇಲೆದ್ದಷ್ಟೂ ಹೆಚ್ಚು. ಸೆಟ್ ಆಗೋ ಮುಂಚೆ ಮರದ ಫ್ಲೋಟಿನಿಂದ ತಟ್ಟಿ ಉಜ್ಜಿದರೆ ಮುಚ್ಚಿಕೊಳ್ಳುತ್ತೆ. ಮಾರನೇ ದಿನ ಸಿಮೆಂಟ್ ನೀರು ಬಳಿದರೆ ಮೇಲ್ತೋರಿಕೆಗೆ ಮುಚ್ಚುತ್ತೆ ಅಷ್ಟೇ. ಮೇಲೆ ಇನ್ನೊಂದು ಮಹಡಿ ಬರೋ ಮೋಲ್ಡಿಗೆ ಇದು ಅಷ್ಟಾಗಿ ಕಾಡಲ್ಲ. ತಾರಸಿಗಾದರೆ ಮಳೆ ನೀರು ಆ ಬಿರುಕಿನಿಂದ ಪೈಪ್ ಸೇರಿ, ಪೈಪೊಳಗೇ ಹರಿದು, 15 ಅಡಿ ಆಚೆ ಲೈಟ್ ಪಾಯಿಂಟಿನಲ್ಲಿ ತೊಟ್ಟಿಕ್ಕುತ್ತೆ. ತೊಟ್ಟಿಕ್ಕೋ ಜಾಗದ ಮೇಲೆ ವಾಟರ್‌ಪ್ರೂಫಿಂಗ್ ಮಾಡಿಸಿ ದುಡ್ಡು ಕಳ್ಕೊಳ್ಳೋದು ಇದಕ್ಕೇ.

ಪ್ಲಂಬಿಂಗ್_ಸ್ಲೋಪ್:

ಎಸಿ ಡ್ರೈನ್, ನೀರಿನ ಲೈನ್ ಬಗ್ಗೆ ಯಾರೂ ಹೇಳಲಿಲ್ಲ.

ಡ್ರೈನಿಗೆ ಇಳಿಜಾರು ಬೇಕು, ಕಡಿಮೆ ಅಂದರೂ 100ಕ್ಕೆ 1. 12 ಅಡಿಗೆ 36 ಎಂಎಂ ಇಳಿತ. 32 ಎಂಎಂ ಪೈಪ್ ಒಂದು ತುದಿಯಲ್ಲಿ ಕೆಳಗಿನ ಜಾಲದ ಮೇಲೆ 36ರಲ್ಲಿದ್ದರೆ ಇನ್ನೊಂದು ತುದಿಯಲ್ಲಿ 72ರಿಂದ ಶುರುವಾಗಿ 104ಕ್ಕೆ ಮುಟ್ಟುತ್ತೆ. ದಾರಿಯಲ್ಲಿ ಒಂದೇ ಒಂದು ಕರೆಂಟ್ ಪೈಪ್ ಅಡ್ಡ ಬಂದರೂ ಮುಗೀತು. ಕಾಂಕ್ರೀಟ್ ಹಾಕುವಾಗ ಒಂದು ಕಡೆ ತೇಲಿದರೆ ಹೊಂಡ ಆಗಿ ನೀರು ನಿಲ್ಲುತ್ತೆ, ಮತ್ತೆ ಸರಿ ಮಾಡೋ ದಾರಿ ಇಲ್ಲ. ಎಸಿಯನ್ನ ಹೊರಗೋಡೆಗೆ ಕೂರಿಸಿ ಡ್ರೈನನ್ನ ಗೋಡೆಯಲ್ಲೇ ಹೊರಗೆ ತೆಗೀರಿ.

ನೀರಿನ ಲೈನೂ ಸ್ಲ್ಯಾಬ್ ಒಳಗೆ ಬೇಡ. ಬಲಕ್ಕಿಂತ ರಿಪೇರಿಯ ಪ್ರಶ್ನೆ. ಸಿಪಿವಿಸಿ ಪ್ಲಾಸ್ಟಿಕ್ ಪೈಪ್ ಬಿಸಿ ನೀರಿಗೆ ಹಿಗ್ಗಿ ಕುಗ್ಗುತ್ತೆ, ಕಾಂಕ್ರೀಟ್ ಅದನ್ನ ಹಿಡಿದಿರುತ್ತೆ, ಜಾಯಿಂಟಿಗೆ ಒತ್ತಡ ಬೀಳುತ್ತೆ. ಸೋರಿದರೆ ಕಂಬಿ ತುಕ್ಕು. ಗೋಡೆಯಲ್ಲಿ, ಇಲ್ಲವಾದರೆ ಮೋಲ್ಡ್ ಮೇಲಿನ ಎರಡು ಮೂರು ಇಂಚಿನ ಫ್ಲೋರಿಂಗ್ ಬೆಡ್‌ನಲ್ಲಿ ಹಾಕಿ, ಟೈಲ್ಸ್ ಮುಂಚೆ ಪ್ರೆಷರ್ ಟೆಸ್ಟ್ ಮಾಡಿಸಿ.

110 ಎಂಎಂ ಟಾಯ್ಲೆಟ್ ಪೈಪ್ 125ರ ಸ್ಲ್ಯಾಬಿನಲ್ಲಿ ಅಡ್ಡ ಹೋಗೋಕೆ ಸಾಧ್ಯವೇ ಇಲ್ಲ, ಅದಕ್ಕೇ ಟಾಯ್ಲೆಟ್ ಕಡೆ ತಗ್ಗಿಸಿ ಹಾಕೋ ಸಂಕನ್ ಸ್ಲ್ಯಾಬ್. ನೇರ ಕೆಳಗಿಳಿಯೋ ಪೈಪಿಗೆ ಈಗಲೇ ಸ್ಲೀವ್ (ಅದು ತೂರೋಕೆ ಬಿಡೋ ದೊಡ್ಡ ಪೈಪಿನ ತುಂಡು) ಇಡಿಸಿ. ಅಡ್ಡ ಬಂದ ಕಂಬಿ ಸರಿಸೋಕಾಗದೆ ಕತ್ತರಿಸಿದರೆ ಕತ್ತರಿಸಿದಷ್ಟನ್ನೂ ಸ್ಲೀವ್‌ನ ಎರಡೂ ಬದಿಗೆ ಅರ್ಧರ್ಧ ಹೆಚ್ಚುವರಿ ಕೊಡಿ, ಮೂಲೆಗೆ ಓರೆ ಕಂಬಿ ಹಾಕಿ. ಆಮೇಲೆ ಕೋರ್ ಕಟಿಂಗ್ ಮಾಡ್ಸೋಣ ಅಂದರೆ ಯಾವ ಕಂಬಿ ಹೋಯ್ತು ಅಂತಲೇ ಗೊತ್ತಾಗಲ್ಲ.

ಫ್ಲ್ಯಾಟ್_ಸ್ಲ್ಯಾಬ್:

ಅಪಾರ್ಟ್‌ಮೆಂಟಿನವರೂ ಈ ಥ್ರೆಡ್ ಓದಿ ಇದೇ ಅಂಕಿಗಳನ್ನ ತಮ್ಮ ಮನೆಗೆ ಹಾಕ್ಕೊಳ್ಳಬಹುದು, ಅದಕ್ಕೆ ಹೇಳ್ತಿದ್ದೀನಿ. ಬೀಮ್ ಇಲ್ಲದ ಫ್ಲ್ಯಾಟ್ ಸ್ಲ್ಯಾಬಿನಲ್ಲಿ ಕಾಲಮ್ ಸುತ್ತ ಪಂಚಿಂಗ್ ಶಿಯರ್ (ಕಾಲಮ್ ಸ್ಲ್ಯಾಬನ್ನ ತೂತು ಮಾಡಿ ನುಗ್ಗೋ ಬಲ) ಇರುತ್ತೆ, ಅಲ್ಲಿ ಮೇಲೆ ತೋರಿಸಿದಷ್ಟು ಮೀಸಲು ಸಿಗಲ್ಲ. ಕಾಲಮ್‌ನಿಂದ ಸ್ಲ್ಯಾಬ್ ದಪ್ಪದ ಹತ್ತು ಪಟ್ಟಿಗಿಂತ ಹತ್ತಿರ ತೂತು ಬಂದರೆ ಪಂಚಿಂಗ್ ತಡೆಯುವ ಸುತ್ತಳತೆಯಲ್ಲಿ ಒಂದು ಭಾಗವನ್ನ ಕಳೆದು ಲೆಕ್ಕ ಮಾಡಿ ಅನ್ನುತ್ತೆ ಐಎಸ್ 456. ಪೈಪ್ ಗೊಂಚಲನ್ನೂ ನಾನು ತೂತಿನ ಹಾಗೇ ನೋಡ್ತೀನಿ. ಪೋಸ್ಟ್ ಟೆನ್ಷನ್ (ಒಳಗೆ ಉಕ್ಕಿನ ಕೇಬಲ್ ಎಳೆದು ಬಿಗಿದ) ಸ್ಲ್ಯಾಬ್ ಆಗಿದ್ದರೆ ಸ್ಕ್ಯಾನ್ ಮಾಡಿಸದೆ ಒಂದು ಆಂಕರ್ ಡ್ರಿಲ್ ಕೂಡ ಬೇಡ.

ಎಲ್ಲರಿಗೂ ಅನ್ವಯಿಸೋದು ಇನ್ನೊಂದಿದೆ. ಒಂದು ಲೈಟ್ ಪಾಯಿಂಟ್ ಮರೆತುಹೋಯ್ತು ಅಂತ ಸೆಂಟ್ರಿಂಗ್ ಬಿಚ್ಚಿದ ಮೇಲೆ ಸ್ಲ್ಯಾಬಿನ ಕೆಳಗಿಂದ ಕಟರ್ ಹಾಕಿ ಗ್ರೂವ್ ಹೊಡೀತಾರೆ. ಕವರ್ ಇರೋದು 20, ಪೈಪ್ 25. ಗ್ರೂವ್ ಮೇನ್ ಕಂಬಿಗೆ ಅಡ್ಡ ಹೋದರೆ ದಾರಿಯ ಪ್ರತಿ ಕಂಬಿಯೂ ತುಂಡು. ಒಳಗೆ ಹುದುಗಿಸಿದ ಹತ್ತು ಪೈಪೂ ಮಾಡದ ಹಾನಿಯನ್ನ ಈ ಒಂದು ಗ್ರೂವ್ ಮಾಡುತ್ತೆ. ಕೇಸಿಂಗ್ ಪಟ್ಟಿಯಲ್ಲಿ ಹೊರಗೇ ಎಳೀರಿ, ಇಲ್ಲಾ ಫಾಲ್ಸ್ ಸೀಲಿಂಗ್ ಮಾಡಿಸಿ.

ಹೊಸಮನೆ_ತುಮಕೂರು:

ಕೊನೇದು ಒಂದು. ಮುಂದೆ 4 ಅಡಿ ಬಾಲ್ಕನಿ ಹೊರಚಾಚಿದೆ, ಅದರಡಿ ಎರಡು ಲೈಟ್. ಅಲ್ಲಿ ಪೈಪ್ ಹೇಗೆ?

ಸ್ಲ್ಯಾಬ್_ಲೆಕ್ಕ:

ಬಾಲ್ಕನಿಯಲ್ಲಿ ಮೇನ್ ಕಂಬಿ ಮೇಲೆ, ಕಂಪ್ರೆಷನ್ ಕೆಳಗೆ, ತೂಕ ಹಂಚಿಕೊಳ್ಳೋಕೆ ಆ ಕಡೆ ಇನ್ನೊಂದು ಬೀಮೂ ಇಲ್ಲ. ಒಂದೇ ಪೈಪ್ ತನ್ನಿ. ಬೀಮ್‌ಗೆ ನೇರ ಅಡ್ಡವಾಗಿ, ಸ್ಲ್ಯಾಬಿನ ನಡು ಎತ್ತರದಲ್ಲಿ, ಮೇಲಿನ ಕಂಬಿಯ ಕೆಳಗೆ ಹೋಗಲಿ. ಅದನ್ನ ಮೇಲಿನ ಕಂಬಿಗೆ ನೇತುಹಾಕಿ ಕಟ್ಟಬೇಡಿ, ಯಾರಾದರೂ ತುಳಿದರೆ ಆ ಕಂಬಿಯನ್ನೂ ಎಳೆದು ಕೆಳಗಿಳಿಸುತ್ತೆ. ಎರಡನೇ ಲೈಟಿಗೆ ಮೊದಲ ಬಾಕ್ಸಿನಿಂದಲೇ ಲೂಪ್ ಕೊಡಿ, ಬಾಕ್ಸ್‌ಗಳು ಬೀಮ್‌ನಿಂದ ಎರಡು ಅಡಿ ಆಚೆ ಇರಲಿ. ಬಾಕ್ಸ್ ಕೂರಿಸೋಕೆ ಅಂತ ಮೇಲಿನ ಕಂಬಿ ಸರಿಸಿದ್ದರೆ ಕಾಂಕ್ರೀಟ್ ಮುಂಚೆ 150ಕ್ಕೋ ಡ್ರಾಯಿಂಗಿನಲ್ಲಿ ಇರೋ ಅಂತರಕ್ಕೋ ವಾಪಸ್ ತರಿಸಿ. ಅಲ್ಲಿ ಚೇರ್ ಎರಡು ಅಡಿಗೊಂದು ಹಾಕಿಸಿ. ಬೀಮ್‌ನಲ್ಲಿ ಇಳಿದಿರೋ ಆ 9 ಪೈಪಿನ ಫೋಟೋ, ಸ್ಟಿರಪ್ ಕಾಣೋ ಹಾಗೆ, ನಿಮ್ಮ ಎಂಜಿನಿಯರಿಗೆ ಇವತ್ತೇ ಕಳಿಸಿ. ಅವರು ಬರೋವರೆಗೆ ರೆಡಿಮಿಕ್ಸ್ ಬುಕ್ ಮಾಡಬೇಡಿ.